ಅರ್ಧಕ್ಕೆ ನಿಂತ ಕೌದಿ: ಬಿಚ್ಚಬೇಕೇ, ಮುಂದುವರಿಸಬೇಕೇ?

ಪ್ರಶ್ನೆ: ಎರಡು ವರ್ಷದ ಹಿಂದೆ ಮನೆಮಂದಿಯ ಹಳೆ ಬಟ್ಟೆಗಳ ತುಂಡು ಸೇರಿಸಿ ಒಂದು ಕೌದಿ ಶುರು ಮಾಡಿದೆ. ಅಗಲ 60 ಇಂಚು, ಉದ್ದ 80. ಮೇಲ್ಪದರ ಜೋಡಿಸಿ, ಒಳಗೆ ಹತ್ತಿಯ ಹಾಸು ಇಟ್ಟು, ಅಸ್ತರು ಕೊಟ್ಟು ಪಿನ್ನು ಹಾಕಿಟ್ಟಿದ್ದೆ. ನಡುವಿನಿಂದ ಹಿಡಿದು ಒಂದೂವರೆ ಇಂಚಿಗೊಂದರಂತೆ ಅಡ್ಡಸಾಲುಗಳನ್ನು ಕೈಯಲ್ಲೇ ಹೊಲಿಯುತ್ತಿದ್ದೆ. 15 ಸಾಲು ಆಗಿತ್ತು, ಅಷ್ಟರಲ್ಲಿ ನಮ್ಮ ಮನೆಯವರಿಗೆ ಕಾಯಿಲೆ ಅಂತ ಗೊತ್ತಾಯಿತು. ಎಂಟು ತಿಂಗಳು ಕೌದಿ ಟ್ರಂಕಿನಲ್ಲೇ ಇತ್ತು. ಈಗ ಅವರು ಮನೆಯಲ್ಲಿದ್ದಾರೆ, ಚಿಕಿತ್ಸೆ ನಡೆಯುತ್ತಿದೆ, ದಿನದ ಹೆಚ್ಚು ಹೊತ್ತು ಮಲಗಿರುತ್ತಾರೆ. ಪಕ್ಕದಲ್ಲಿ ಕೂತು ಮತ್ತೆ ಮೂರು ಸಾಲು ಹೊಲಿದೆ. ಮೊದಲು ಇಂಚಿಗೆ ಎಂಟು ಹೊಲಿಗೆ ಬೀಳುತ್ತಿದ್ದವು, ಈಗ ನಾಲ್ಕು. ಸಾಲೂ ಸೊಟ್ಟ, ಬೆರಳೂ ನೋವು. ಪಿನ್ನುಗಳ ಸುತ್ತ ತುಕ್ಕಿನ ಕಲೆಯಾಗಿದೆ, ಎರಡು ಕಡೆ ಬಟ್ಟೆ ಹರಿದಿದೆ. ಈ ಮೂರು ಸಾಲು ಬಿಚ್ಚಲೇ? ಉಳಿದದ್ದನ್ನು ಮಶೀನಿಗೆ ಕೊಟ್ಟುಬಿಡಲೇ? ಅಂಚುಪಟ್ಟಿಗೆಂದು ಅವರ ಅಂಗಿಯೊಂದನ್ನು ಎತ್ತಿಟ್ಟಿದ್ದೇನೆ, ಕತ್ತರಿ ಹಾಕಲು ಕೈ ಬರುತ್ತಿಲ್ಲ. ಅವರೇನೋ "ಬೇಗ ಮುಗಿಸು, ಹೊದ್ಕೋತೀನಿ" ಅಂತಾರೆ.

ಉತ್ತರ: ಬಿಚ್ಚಬೇಡಿ. ಮೊದಲು ಇದೊಂದನ್ನು ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಉತ್ತರ ಉದ್ದವಾಗಲಿದೆ, ಅಷ್ಟರಲ್ಲಿ ನೀವು ಕತ್ತರಿ ಕೈಗೆತ್ತಿಕೊಂಡಿರಬಾರದು.

ಬಿಚ್ಚಬೇಕಾದ ಹೊಲಿಗೆ ಯಾವುದು ಎಂಬುದಕ್ಕೆ ಕೈಹೊಲಿಗೆಯವರಲ್ಲಿ ಸರಳ ಪರೀಕ್ಷೆಯಿದೆ. ಸಾಲಿನ ಮೇಲೆ ಕಿರುಬೆರಳ ತುದಿ ಆಡಿಸಿಕೊಂಡು ಹೋಗಿ. ಬೆರಳು ದಾರದಡಿ ಸಿಕ್ಕಿಕೊಂಡರೆ ನಾಳೆ ಅಲ್ಲೇ ಕಾಲ್ಬೆರಳೂ ಉಂಗುರವೂ ಸಿಕ್ಕಿಕೊಳ್ಳುತ್ತವೆ. ಅಂಥ ಹೊಲಿಗೆಯನ್ನು ಮಾತ್ರ ಸರಿಪಡಿಸಬೇಕು. ಇಂಚಿಗೆ ನಾಲ್ಕು ಎಂದರೆ ಮೇಲೆ ಕಾಣುವ ದಾರ ಹೆಚ್ಚೆಂದರೆ ಕಾಲು ಇಂಚು. ಬೆರಳು ಸಿಕ್ಕಿಕೊಳ್ಳುವ ಅಳತೆ ಅದಲ್ಲ. ಇಂಚಿಗೆ ಹತ್ತು-ಹನ್ನೆರಡು ಹೊಲಿಗೆಯ ಮಾತೆಲ್ಲ ಪ್ರದರ್ಶನಕ್ಕೆ ಇಡುವವರದ್ದು. ಮೂರು ಪದರವನ್ನು ಹಿಡಿದಿಡುವ ಕೆಲಸಕ್ಕೆ ಐದು-ಆರು ಧಾರಾಳ, ನಾಲ್ಕೂ ಸಾಕು. ಇನ್ನೊಂದು ವಿಷಯ. ಹಳೆ ಬಟ್ಟೆಯಲ್ಲಿ ಒಮ್ಮೆ ಹೊಲಿದು ಬಿಚ್ಚಿದರೆ ತೂತುಗಳು ಹಾಗೇ ಉಳಿಯುತ್ತವೆ. ಅದೇ ಜಾಗದಲ್ಲಿ ಮತ್ತೆ ಹೊಲಿದರೆ ಬಟ್ಟೆಗೆ ಎರಡು ಪಟ್ಟು ಗಾಯ.

ಹಾಗಾದರೆ ಆ ಮೂರು ಸಾಲು ಕಣ್ಣಿಗೆ ಚುಚ್ಚುತ್ತಲೇ ಇರಲಿ ಎನ್ನುತ್ತಿಲ್ಲ. ಕಸೂತಿಗೆ ಬಳಸುವ ದಪ್ಪ ಹತ್ತಿದಾರ ಸಿಗುತ್ತದೆ, ಪರ್ಲ್ ಕಾಟನ್ 8ನೇ ನಂಬರು ಅಂತ ಕೇಳಿ. ಅದನ್ನು ಸೂಜಿಗೆ ಪೋಣಿಸಿ, ಆ ಮೂರು ಸಾಲಿನ ಪ್ರತಿ ಹೊಲಿಗೆಯ ಅಡಿಯಿಂದ ತೂರಿಸುತ್ತಾ ಹೋಗಿ, ಬಳ್ಳಿ ಸುತ್ತಿದ ಹಾಗೆ. ಪ್ರತಿ ಸಲವೂ ಒಂದೇ ಕಡೆಯಿಂದ ತೂರಿಸಬೇಕು. ಸೂಜಿಯ ಮೊನೆ ಬೇಡ, ಕಣ್ಣಿನ ಕಡೆಯನ್ನೇ ಮುಂದೆ ಮಾಡಿ, ಆಗ ಬಟ್ಟೆಗೆ ಚುಚ್ಚುವುದಿಲ್ಲ. ಸಾಲಿನ ಎರಡು ತುದಿಯಲ್ಲಿ ಮಾತ್ರ ದಾರ ಒಳಗೆ ಇಳಿಯುತ್ತದೆ. ಸಣ್ಣ-ದೊಡ್ಡ ಹೊಲಿಗೆಗಳು ಈ ಹುರಿಯ ಕೆಳಗೆ ಅರ್ಧ ಮರೆಯಾಗುತ್ತವೆ, ಸೊಟ್ಟ ಸಾಲು ಬೇಕಂತಲೇ ಹಾಕಿದ ಅಲೆಯಂತೆ ಕಾಣುತ್ತದೆ.

ಇನ್ನು ಮುಂದಿನ ಸಾಲುಗಳನ್ನು ಆ ದಪ್ಪ ದಾರದಲ್ಲೇ, ಇಂಚಿಗೆ ನಾಲ್ಕರಂತೆಯೇ ಹೊಲಿಯಿರಿ. ನಿಮ್ಮ ಕೈ ಈಗ ಕೊಡುತ್ತಿರುವ ಅಳತೆ ಅದು. ತೆಳು ದಾರದಲ್ಲಿ ಆ ಅಳತೆ ಬಡಕಲಾಗಿ ಕಂಡರೂ ದಪ್ಪ ದಾರಕ್ಕೆ ಅದೇ ಸರಿಯಾದ ಅಳತೆ. ಸೂಜಿಯನ್ನೂ ಬದಲಾಯಿಸಬೇಕು. ಕೌದಿಗೆ ಬಳಸುವ ಗಿಡ್ಡ ಸೂಜಿಯ ಕಣ್ಣಿನಲ್ಲಿ ಈ ದಾರ ಹೋಗದು, ಉದ್ದ ಕಣ್ಣಿನ ಕಸೂತಿ ಸೂಜಿ ಬೇಕು.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ನೀವು ಬರೆದದ್ದನ್ನು ಓದಿದಾಗ ನನಗೆ ಹೊಲಿಗೆಗಿಂತ ಹೆಚ್ಚು ಕಾಡಿದ್ದು ಆ ಒಂದೂವರೆ ಇಂಚು. ಅದು ಎರಡು ವರ್ಷದ ಹಿಂದೆ, ಪುರುಸೊತ್ತಿದ್ದಾಗ, ನಿದ್ದೆ ಸರಿಯಿದ್ದಾಗ ಹಾಕಿಕೊಂಡ ಯೋಜನೆ. ಈಗ ಆಗಿರುವ 18 ಸಾಲು ನಡುವಿನ 25 ಇಂಚು ಚಿಲ್ಲರೆಯನ್ನು ಹಿಡಿದಿವೆ. ಮೇಲೆ-ಕೆಳಗೆ ತಲಾ 27 ಇಂಚು ಬಾಕಿ. ಒಂದೂವರೆ ಇಂಚನ್ನೇ ಹಿಡಿದು ಹೋದರೆ ಇನ್ನೂ 34 ಸಾಲು, ಒಂದೊಂದು 60 ಇಂಚು, ಒಟ್ಟು 2,000 ಇಂಚಿಗೂ ಹೆಚ್ಚು. ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷದಲ್ಲಿ ಎಷ್ಟು ಇಂಚು ಹೊಲಿಯುತ್ತೀರಿ ಎಂದು ಒಮ್ಮೆ ನೋಡಿ. ಇಪ್ಪತ್ತು ಇಂಚು ಎಂದಿಟ್ಟುಕೊಂಡರೆ ನೂರಕ್ಕೂ ಹೆಚ್ಚು ಸಲ ಕೂರಬೇಕು. ದಿನ ತಪ್ಪದೆ ಕೂತರೆ ಮೂರೂವರೆ ತಿಂಗಳು. ನಿಮ್ಮ ಮನೆಯಲ್ಲಿ ಈಗ ದಿನ ತಪ್ಪದೆ ನಡೆಯುವ ಕೆಲಸ ಔಷಧಿ ಕೊಡುವುದೊಂದೇ ಇರಬಹುದು.

ಸಾಲಿನ ನಡುವಿನ ಅಂತರವನ್ನು ಹಿಗ್ಗಿಸಿ. ಒಮ್ಮೆಲೇ ಮೂರು ಇಂಚಿಗೆ ಹಾರಿದರೆ "ಇಲ್ಲಿಂದಾಚೆ ಸಾಕಾಯಿತು" ಎಂಬುದು ಎದ್ದು ಕಾಣುತ್ತದೆ. ಹಾಗಾಗಿ ಮೊದಲ ಹೊಸ ಸಾಲು ಎರಡು ಇಂಚಿಗೆ, ಮುಂದಿನದು ಎರಡೂವರೆಗೆ, ಆಮೇಲೆ ಏಳು ಸಾಲು ಮೂರು ಮೂರು ಇಂಚಿಗೆ. ಕೂಡಿಸಿದರೆ ಇಪ್ಪತ್ತೈದೂವರೆ ಇಂಚು. ಉಳಿದ ಒಂದೂಮುಕ್ಕಾಲು ಇಂಚು ಅಂಚಿಗೆ ಬೇಕೇ ಬೇಕು. ಕಲ್ಲು ಬಿದ್ದ ನೀರಿನಲ್ಲಿ ಅಲೆ ದೂರ ಹೋದಂತೆ ಅಗಲವಾಗುತ್ತದಲ್ಲ, ಹಾಗೆ ಕಾಣುತ್ತದೆ. ಎರಡು ಬದಿ ಸೇರಿ 18 ಸಾಲು, 1,080 ಇಂಚು. 54 ಸಲ ಕೂತರೆ ಆಯಿತು. ಅರ್ಧ ಕೆಲಸವೇ ಇಳಿಯಿತು, ನೋಡಿದವರಿಗೆ ಅದು ವಿನ್ಯಾಸ.

ಇದಕ್ಕೊಂದು ಷರತ್ತಿದೆ. ಒಳಗಿನ ಹತ್ತಿ ಅಷ್ಟು ಅಂತರವನ್ನು ತಾಳಬೇಕು. ಹಾಸಿನ ಪ್ಯಾಕೆಟ್ಟಿನ ಮೇಲೆ ಸಾಲುಗಳ ನಡುವೆ ಎಷ್ಟು ದೂರ ಇರಬಹುದೆಂದು ಬರೆದಿರುತ್ತದೆ. ಪ್ಯಾಕೆಟ್ಟು ಎಲ್ಲೋ ಹೋಗಿದ್ದರೆ ಅಂಚಿನಿಂದ ಒಂದು ಎಳೆ ಹತ್ತಿ ಹಿಡಿದು ಎಳೆಯಿರಿ. ಸುಲಭವಾಗಿ ಮೋಡದಂತೆ ಕಿತ್ತು ಬಂದರೆ ಅದು ತೊಳೆದಾಗ ಗಂಟುಗಟ್ಟುವ ಜಾತಿ, ಎರಡು ಇಂಚು ದಾಟಬೇಡಿ. ಕಂಬಳಿಯಂತೆ ಒಗ್ಗಟ್ಟಾಗಿ ಹಿಡಿದುಕೊಂಡಿದ್ದರೆ ಮೂರು ಇಂಚಿಗೆ ಏನೂ ಆಗದು. ಹತ್ತಿಯ ಬದಲು ಹಳೆ ಬಟ್ಟೆಯ ಪದರವನ್ನೇ ಇಟ್ಟವರಿಗೆ ಈ ಚಿಂತೆಯಿಲ್ಲ, ಬಟ್ಟೆ ಗಂಟುಗಟ್ಟುವುದಿಲ್ಲ.

ಮಶೀನಿನ ವಿಚಾರ. ಬೇಡ ಎನ್ನುವುದು ನನ್ನ ಅಭಿಪ್ರಾಯ, ಅದಕ್ಕೆ ಭಾವನೆ ಕಾರಣವಲ್ಲ. ಕೈಹೊಲಿಗೆಯ ಭಾಗ ಮೆತ್ತಗೆ ಬಳುಕುತ್ತದೆ, ಮಶೀನು ಹೊಲಿದ ಭಾಗ ಬಿರುಸಾಗುತ್ತದೆ. ಒಂದೇ ಕೌದಿಯಲ್ಲಿ ಎರಡೂ ಇದ್ದರೆ ಹೊದ್ದಾಗ ಒಂದು ಕಡೆ ಮೈಗೆ ಕೂರುತ್ತದೆ, ಇನ್ನೊಂದು ಕಡೆ ನಿಗುರಿಕೊಂಡಿರುತ್ತದೆ. ಜೊತೆಗೆ ಬೇರೆ ಬೇರೆ ವಯಸ್ಸಿನ ಬಟ್ಟೆಗಳು, ಕೆಲವು ಸವೆದವು, ಕೆಲವು ಹಿಗ್ಗುವವು, ಮಶೀನಿನ ಪಾದದಡಿ ಒಂದೇ ವೇಗದಲ್ಲಿ ಸರಿಯುವುದಿಲ್ಲ. ನೆರಿಗೆ ಬಿದ್ದುಬಿಡುತ್ತದೆ. ಅಂಚುಪಟ್ಟಿಯ ಮೊದಲ ಸುತ್ತಿಗೆ ಮಾತ್ರ ಮಶೀನು ಧಾರಾಳವಾಗಿ ಬಳಸಿ, ಅಲ್ಲಿ ಅದು ಕೈಗಿಂತ ಗಟ್ಟಿ.

ಕೈಯಲ್ಲಿ ಸಾಲು ಹೊಲಿಯುವುದಕ್ಕಿಂತ ಬೇಗದ ದಾರಿ ಬೇಕೆಂದರೆ ಗಂಟು ಹಾಕುವ ಕ್ರಮವಿದೆ. ಎಷ್ಟೋ ಊರುಗಳಲ್ಲಿ ಹೊಲಿಗೆಯೇ ಇಲ್ಲದೆ ಗಂಟಿನಿಂದಲೇ ಪದರ ಹಿಡಿಸಿದ ಹೊದಿಕೆಗಳಿವೆ. ನಾಲ್ಕು ಇಂಚಿಗೊಂದು ಕಡೆ ದಪ್ಪ ದಾರವನ್ನು ಇಳಿಸಿ, ಮೇಲೆತ್ತಿ, ಎಡದ ಮೇಲೆ ಬಲ, ಬಲದ ಮೇಲೆ ಎಡ ಎಂದು ಎರಡು ಸಲ ಬಿಗಿದು ಗಂಟು ಹಾಕುವುದು. ನಿಮ್ಮಲ್ಲಿ ಉಳಿದ ಜಾಗಕ್ಕೆ ಸುಮಾರು 200 ಗಂಟು, ಮೂರು-ನಾಲ್ಕು ದಿನದ ಕೆಲಸ. ಇಲ್ಲೂ ಹತ್ತಿ ಅಷ್ಟು ಅಂತರ ತಾಳುವಂಥದ್ದಾಗಿರಬೇಕು. ಈ ದಾರಿ ಹಿಡಿದರೆ ಗಂಟಿನ ಬಾಲಗಳನ್ನು ಅಸ್ತರಿನ ಕಡೆಗೆ ಬಿಡಬೇಡಿ, ಮೇಲ್ಪದರದ ಕಡೆಗೇ ಬಿಡಿ. ಕಾಯಿಲೆಯವರ ಕೈಯಲ್ಲಿ ಸೂಜಿ, ನಳಿಕೆ ಏನಾದರೂ ಇದ್ದರೆ ಒಳಮೈಯ ದಾರದ ಬಾಲ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ದಿನಗಳು ಕೈಯಲ್ಲಿಲ್ಲ ಅಂತ ಯಾವಾಗಲಾದರೂ ಅನ್ನಿಸಿದರೆ, ಅರ್ಧ ಸಾಲು, ಅರ್ಧ ಗಂಟು ಇರುವ ಕೌದಿಗೆ ನಾಚಿಕೊಳ್ಳಬೇಕಾದ್ದಿಲ್ಲ.

ಈ "ಮುಗಿಯುವುದು" ಎಂದರೇನು ಎಂದು ಯೋಚಿಸುವಾಗೆಲ್ಲ ನನಗೆ ನೆನಪಾಗುವ ಹೊದಿಕೆಯೊಂದಿದೆ. 1841ರಲ್ಲಿ ಇಂಗ್ಲೆಂಡಿನಿಂದ ಸುಮಾರು 180 ಮಹಿಳಾ ಕೈದಿಗಳನ್ನು ರಾಜಾ ಎಂಬ ಹಡಗಿನಲ್ಲಿ ಇಂದಿನ ಟಾಸ್ಮೇನಿಯಾಕ್ಕೆ ಸಾಗಿಸಿದರು. ಸೆರೆಮನೆ ಸುಧಾರಣೆಗೆ ದುಡಿದ ಎಲಿಜಬೆತ್ ಫ್ರೈ ಅವರ ಮಹಿಳಾ ಸಂಘ ಆ ಹೆಂಗಸರಿಗೆ ಸೂಜಿ, ದಾರ, ತುಂಡುಬಟ್ಟೆ ಕೊಟ್ಟು ಕಳಿಸಿತ್ತು. ಮೂರು ತಿಂಗಳಿಗೂ ಮಿಕ್ಕಿದ ಆ ಕಡಲಯಾನದಲ್ಲಿ ಅವರು 2,815 ತುಂಡುಗಳನ್ನು ಜೋಡಿಸಿದರು. ಈಗ ಅದು ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ನಡುವೆ ಹಕ್ಕಿ-ಹೂವಿನ ನಾಜೂಕು ಕೆಲಸ, ಸುತ್ತ ಪಟ್ಟಿ ಪಟ್ಟಿಯಾಗಿ ಸಾದಾ ಜೋಡಣೆ. ಪಳಗಿದ ಕೈ ಯಾವುದು, ಹೊಸ ಕೈ ಯಾವುದು ಎಂಬುದು ಹೊಲಿಗೆಯಲ್ಲೇ ಕಾಣುತ್ತದೆ. ಅದನ್ನು ಎಲ್ಲರೂ ರಾಜಾ ಕ್ವಿಲ್ಟ್, ಅಂದರೆ ರಾಜಾ ಕೌದಿ, ಎಂದೇ ಕರೆಯುತ್ತಾರೆ, ಆದರೆ ಅದಕ್ಕೆ ಅಸ್ತರೇ ಇಲ್ಲ, ಒಳಗೆ ಹತ್ತಿಯೂ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ಮೇಲ್ಪದರ ಅಷ್ಟೇ. ನಿಮ್ಮದು ಈಗಾಗಲೇ ಅದಕ್ಕಿಂತ ಮುಂದಿದೆ.

ಇನ್ನು ಪಿನ್ನು. ಇವತ್ತೇ ಎಲ್ಲ ಪಿನ್ನು ತೆಗೆದುಬಿಡಿ, ಉಳಿದ ಕೆಲಸ ನಾಳೆಗಿರಲಿ. ತುಕ್ಕು ಬರೀ ಕಲೆಯಾಗಿ ಕೂರುವುದಿಲ್ಲ, ಹತ್ತಿಯ ನಾರನ್ನೇ ತಿನ್ನುತ್ತಾ ಹೋಗುತ್ತದೆ. ಕೆಲವು ವರ್ಷದ ಮೇಲೆ ಅಲ್ಲೊಂದು ತೂತು ಖಂಡಿತ. ಪಿನ್ನಿನ ಬದಲು ದಾರದಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಅಂಗೈ ಅಗಲಕ್ಕೊಂದು ಸಾಲು. ಬಿಳಿ ದಾರವೇ ಇರಲಿ, ಗಾಢ ಬಣ್ಣದ ದಾರ ಬಟ್ಟೆಗೆ ಬಣ್ಣ ಬಿಡಬಹುದು. ಕಲೆ ತೆಗೆಯಲು ಬ್ಲೀಚ್ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ, ಕ್ಲೋರಿನ್ ಬ್ಲೀಚ್ ತುಕ್ಕನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ಬಿಳಿಬಟ್ಟೆಯಲ್ಲಿ ಕಲೆ ಇಳಿಯುತ್ತದೆ ನಿಜ, ಬಣ್ಣದ ತುಂಡಿನಲ್ಲಿ ಬಣ್ಣವೂ ಇಳಿಯುತ್ತದೆ. ನಾನಾದರೆ ಕಲೆಯ ಮೇಲೆ ಒಂದು ತೇಪೆ ಹಾಕಿ ಮುಂದೆ ಹೋಗುತ್ತೇನೆ.

ಹರಿದ ಎರಡು ಕಡೆಗೂ ಅದೇ ಮದ್ದು. ಹರಿದ ತುಂಡನ್ನು ಕಿತ್ತು ಹೊಸದು ಕೂರಿಸಲು ಹೋಗಬೇಡಿ, ಅಕ್ಕಪಕ್ಕದ ನಾಲ್ಕು ಜೋಡಣೆ ಸಡಿಲವಾಗುತ್ತವೆ. ಅದರ ಮೇಲೆಯೇ ಬೇರೆ ತುಂಡನ್ನು ಇಟ್ಟು, ಅಂಚನ್ನು ಕಾಲು ಇಂಚು ಒಳಗೆ ಮಡಚಿ, ಸುತ್ತ ಹೆಮ್ಮಿಂಗ್ ಹಾಕಿ. ಹರಿದ ಬಟ್ಟೆಯೇ ಕಣ್ಣಿಗೆ ಬೇಕು, ಮುಚ್ಚಲು ಮನಸ್ಸಿಲ್ಲ ಎಂದಾದರೆ ಅದೇ ಬಣ್ಣದ ತೆಳ್ಳನೆಯ ನೆಟ್ ಬಟ್ಟೆ ಹೊದಿಸಿ ಹೊಲಿಯಿರಿ. ಕೆಳಗಿನದು ಕಾಣುತ್ತಲೂ ಇರುತ್ತದೆ, ಎಳೆ ಬಿಚ್ಚಿಕೊಳ್ಳುವುದೂ ನಿಲ್ಲುತ್ತದೆ. ಹಳೆ ರೇಷ್ಮೆಗಂತೂ ಇದೇ ಸರಿ.

ನಿಮ್ಮ ಹೊಲಿಗೆ ಯಾಕೆ ದೊಡ್ಡದಾಯಿತು ಎಂಬುದಕ್ಕೆ ನೀವು ಮನಸ್ಸಿನ ಕಾರಣ ಹುಡುಕಿಕೊಂಡಿದ್ದೀರಿ ಅಂತ ಕಾಣುತ್ತದೆ. ಇರಬಹುದು. ನಾನು ಮೊದಲು ದೀಪವನ್ನು ಅನುಮಾನಿಸುತ್ತೇನೆ. ಮಲಗಿದವರ ಪಕ್ಕ ಕೂತು ಹೊಲಿಯುತ್ತೀರಿ ಎಂದರೆ ಕೋಣೆಯಲ್ಲಿ ಬೆಳಕು ಮಂದವಾಗಿರುತ್ತದೆ. ಹೊಲಿಯುವ ಕೈ ಬಲಗೈಯಾದರೆ ದೀಪ ಎಡಗಡೆ ಇರಬೇಕು, ಇಲ್ಲದಿದ್ದರೆ ಕೈಯ ನೆರಳು ಸರಿಯಾಗಿ ಸೂಜಿಯ ಮೊನೆಯ ಮೇಲೇ ಬೀಳುತ್ತದೆ. ಕತ್ತು ಬಗ್ಗಿಸಬಲ್ಲ ಸಣ್ಣ ಮೇಜುದೀಪ ಸಾಕು, ಅವರ ಕಣ್ಣಿಗೆ ಹೊಡೆಯದ ಹಾಗೆ ಮಡಿಲಿಗಷ್ಟೇ ಬೀಳಲಿ. ಎರಡನೆಯದು ರಿಂಗು, ಅಂದರೆ ಹೊಲಿಯುವಾಗ ಬಟ್ಟೆಯನ್ನು ಹಿಡಿದಿಡುವ ಬಳೆ. ಕಸೂತಿಗೆ ಬಿಗಿದಂತೆ ಡೋಲಿನ ಹಾಗೆ ಬಿಗಿದಿದ್ದರೆ ಮೂರು ಪದರದಲ್ಲಿ ಸೂಜಿ ಆಡುವುದೇ ಇಲ್ಲ. ರಿಂಗಿನ ನಡುವೆ ಅಂಗೈ ಊರಿದರೆ ಬಟ್ಟೆ ಸ್ವಲ್ಪ ತಗ್ಗಬೇಕು, ಅಷ್ಟು ಸಡಿಲ ಬಿಡಿ. ಕೆಲಸ ಮುಗಿದ ಮೇಲೆ ರಿಂಗು ಬಿಚ್ಚಿಡಿ, ಎಂಟು ತಿಂಗಳು ಅದರಲ್ಲೇ ಬಿಟ್ಟರೆ ಉಂಗುರದ ಗುರುತು ಬಿಡುವುದಿಲ್ಲ.

ಬೆರಳಿನ ನೋವು ಸೂಜಿ ತಳ್ಳುವ ಬೆರಳಿನಲ್ಲಿದ್ದರೆ ಥಿಂಬಲ್, ಅಂದರೆ ಬೆರಳಿನ ಟೋಪಿ, ಹಾಕಿಕೊಳ್ಳಿ. ರೂಢಿಯಿಲ್ಲದವರಿಗೆ ಮೊದಲೆರಡು ದಿನ ಕಿರಿಕಿರಿ, ಆಮೇಲೆ ಅದಿಲ್ಲದೆ ಕೈಯಾಡದು. ಹೆಬ್ಬೆರಳ ಬುಡದಲ್ಲಿ ನೋವಿದ್ದರೆ ಕಾರಣ ಸೂಜಿಯನ್ನು ಚಿವುಟಿ ಎಳೆಯುವುದು. ಒಮ್ಮೆಗೆ ಆರು ಹೊಲಿಗೆ ಸೂಜಿಗೇರಿಸುವ ಬದಲು ಎರಡೋ ಮೂರೋ ಏರಿಸಿ, ರಬ್ಬರ್ ಗ್ಲೌಸಿನ ಒಂದು ಬೆರಳನ್ನು ಕತ್ತರಿಸಿ ತೋರುಬೆರಳಿಗೆ ತೊಟ್ಟುಕೊಂಡರೆ ಸೂಜಿ ಜಾರದೆ ಬರುತ್ತದೆ. ದಾರ ಒಂದೂವರೆ ಅಡಿಗಿಂತ ಉದ್ದ ಬೇಡ. ಉದ್ದ ದಾರದಿಂದ ಸಮಯ ಉಳಿಯುತ್ತದೆ ಎಂದುಕೊಳ್ಳುತ್ತೇವೆ, ಅದು ತಿರುಚಿಕೊಂಡು ಗಂಟಾಗಿ ಎರಡರಷ್ಟು ಸಮಯ ತಿನ್ನುತ್ತದೆ. ಬೆಳಿಗ್ಗೆ ಕಣ್ಣು ಚುರುಕಾಗಿದ್ದಾಗಲೇ ಮೂರು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳಿ.

ಮೂರು ಅಂತ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಕಾಯಿಲೆಯವರಿರುವ ಕೋಣೆಯಲ್ಲಿ ಸೂಜಿಗೆ ಲೆಕ್ಕ ಇರಲೇಬೇಕು. ಕೂರುವಾಗ ಮೂರು, ಏಳುವಾಗ ಮೂರು. ಒಂದು ಕಡಿಮೆಯಾದರೆ ಸಿಗುವವರೆಗೆ ಆ ಕೌದಿ ಯಾರ ಮೈಮೇಲೂ ಹೋಗಬಾರದು. ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ, ಸೋಂಕು ತಡೆಯುವ ಶಕ್ತಿ ಕುಗ್ಗಿದ್ದರೆ, ಕೈಕಾಲು ಜೋಮು ಹಿಡಿದು ಚುಚ್ಚಿದ್ದು ಗೊತ್ತಾಗದ ಸ್ಥಿತಿಯಿದ್ದರೆ, ಕಳೆದುಹೋದ ಒಂದು ಸೂಜಿ ಸಣ್ಣ ವಿಷಯವಲ್ಲ. ಒಂದು ಅಯಸ್ಕಾಂತ ಪಕ್ಕದಲ್ಲಿರಲಿ. ಅವರು ಹೊದ್ದಿರುವಾಗ ಇನ್ನೊಂದು ತುದಿಯಲ್ಲಿ ಹೊಲಿಯುವ ಆಸೆಯಾಗುತ್ತದೆ, ಚಿತ್ರವಾಗಿ ನೋಡಲು ಚೆಂದ, ದಯವಿಟ್ಟು ಮಾಡಬೇಡಿ. ಹೊಲಿಯುವುದು ಮೇಜಿನ ಮೇಲೆ ಅಥವಾ ನಿಮ್ಮ ಮಡಿಲಲ್ಲಿ, ಹೊದೆಯುವುದು ಹೊಲಿಗೆ ನಿಂತ ಮೇಲೆ.

ಹೌದು, ಹೊದೆಯುವುದು. ಅದಕ್ಕೆ 54 ಸಲ ಕೂತು ಮುಗಿಸುವವರೆಗೆ ಕಾಯಬೇಕಿಲ್ಲ. ಪಿನ್ನು ತೆಗೆದು ಕಚ್ಚಾ ಹೊಲಿಗೆ ಹಾಕಿದ ಮೇಲೆ, ಸುತ್ತ ಹೊರಚಾಚಿದ ಅಸ್ತರನ್ನು ಮೇಲಕ್ಕೆ ಮಡಚಿ ಉದ್ದುದ್ದ ಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಹಿಡಿಸಿ. ಹತ್ತಿ ಹೊರಗೆ ಇಣುಕುವುದಿಲ್ಲ, ಅಂಚು ಎಳೆ ಬಿಡುವುದಿಲ್ಲ. ಒಂದು ದಿನ ಗಾಳಿಯಾಡುವ ನೆರಳಿನಲ್ಲಿ ಹರಡಿ, ಟ್ರಂಕಿನ ವಾಸನೆ ಹೋಗಲಿ. ಚಿಕಿತ್ಸೆಯಲ್ಲಿರುವವರಿಗೆ ವಾಸನೆ ಬೇಗ ಹೊಟ್ಟೆ ತೊಳಸುತ್ತದೆ. ಒಗೆಯಲು ಮಾತ್ರ ಹೋಗಬೇಡಿ, ಸಾಲು ಬೀಳದ ಭಾಗದಲ್ಲಿ ಹತ್ತಿ ಒಂದು ಮೂಲೆ ಸೇರುತ್ತದೆ. ಅದಕ್ಕೆ ಬದಲಾಗಿ ಮುಖದ ಕಡೆಯ ಅಂಚಿಗೆ ಒಂದಡಿ ಅಗಲದ ತೆಳು ಬಟ್ಟೆಯನ್ನು ಮಡಚಿ ಕಚ್ಚಾ ಹೊಲಿಗೆ ಹಾಕಿ, ಕೊಳೆಯಾದಾಗ ಅದನ್ನಷ್ಟೇ ಬಿಚ್ಚಿ ತೊಳೆಯಬಹುದು. ಕೌದಿಯನ್ನು ಅವರ ಮೈಮೇಲೆ ಹೊದಿಸಿ, ಮೈಯಡಿಗೆ ಹಾಸಬೇಡಿ. ಬಹಳ ಹೊತ್ತು ಮಲಗಿರುವವರ ಚರ್ಮಕ್ಕೆ ಜೋಡಣೆಯ ಉಬ್ಬುಗಳು ಒತ್ತುತ್ತವೆ. ಎಲ್ಲ ಮುಗಿದು ಮೊದಲ ಸಲ ಒಗೆಯುವಾಗ ತಣ್ಣೀರೇ ಇರಲಿ. ಅದಕ್ಕೂ ಮೊದಲು ಗಾಢಬಣ್ಣದ ತುಂಡುಗಳ ಮೇಲೆ ಒದ್ದೆ ಬಿಳಿಬಟ್ಟೆ ಉಜ್ಜಿ ನೋಡಿ, ಬಣ್ಣ ಬಿಡುವುದು ಯಾವುದೆಂದು ಗೊತ್ತಾಗುತ್ತದೆ.

ರಾತ್ರಿ ನಿದ್ದೆ ಬಾರದಿದ್ದಾಗ ಹೊಲಿಯಬಹುದೇ ಎಂದು ನೀವು ಕೇಳಿಲ್ಲ, ಆದರೆ ಹೊಲಿಯುತ್ತೀರಿ ಅಂತ ನನಗೆ ಗೊತ್ತು. ಹೊಲಿಯಿರಿ. ಅಪರಾತ್ರಿಯಲ್ಲಿ ಬಿಚ್ಚುವುದು, ಕತ್ತರಿಸುವುದು, ಹೊಸದಾಗಿ ಅಳತೆ ಹಾಕುವುದು ಈ ಮೂರು ಮಾತ್ರ ಬೇಡ. ನಾನೇ ಒಮ್ಮೆ ಇಂಥದ್ದೇ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಕೂತು, ಸೊಟ್ಟ ಕಂಡಿತೆಂದು ಆರು ಸಾಲು ಬಿಚ್ಚಿದ್ದೆ. ಬೆಳಿಗ್ಗೆ ನೋಡಿದರೆ ಸಾಲು ನೆಟ್ಟಗೇ ಇದ್ದವು, ಗುರುತಿನ ಗೆರೆ ಸೊಟ್ಟಗಿತ್ತು. ಬೆರಳು ಚುಚ್ಚಿ ರಕ್ತದ ಚುಕ್ಕೆ ಬಿದ್ದರೆ ಬಿಸಿನೀರು ಮುಟ್ಟಿಸಬೇಡಿ, ಕಲೆ ಕೂತುಬಿಡುತ್ತದೆ. ಒಂದು ಬಿಳಿ ದಾರವನ್ನು ಬಾಯಲ್ಲಿ ಒದ್ದೆ ಮಾಡಿ ಅದರಿಂದ ಒತ್ತಿ ತೆಗೆಯಿರಿ. ನಮ್ಮದೇ ಎಂಜಲಿಗೆ ನಮ್ಮ ರಕ್ತದ ಹಸಿ ಕಲೆ ಬಿಡುತ್ತದೆ ಎಂಬುದು ಕೈಹೊಲಿಗೆಯವರ ಹಳೆಯ ಅನುಭವ. ಆಮೇಲೆ ಆ ಜಾಗಕ್ಕೆ ತಣ್ಣೀರು ಒತ್ತಿ.

ಕೊನೆಗೆ ಅಂಗಿ. ಅಂಚುಪಟ್ಟಿಗೆ ಸುತ್ತಳತೆ 280 ಇಂಚು, ಜೋಡಣೆಗೂ ಮೂಲೆಗೂ ಸೇರಿ 295 ಇಟ್ಟುಕೊಳ್ಳಿ. ಎರಡೂವರೆ ಇಂಚು ಅಗಲದ ಪಟ್ಟಿಗಳನ್ನು ತೆಗೆದು ಉದ್ದಕ್ಕೆ ಜೋಡಿಸಿ, ನಡುವೆ ಮಡಚಿ ಜೋಡಿಪದರ ಮಾಡಿ ಹೊಲಿಯಬೇಕು. ಒಂದು ದೊಡ್ಡ ಅಂಗಿಯಲ್ಲಿ ಹೇಗೋ ಸಾಕಾದೀತು, ಅಂದರೆ ಇಡೀ ಅಂಗಿ ಚಿಂದಿಯಾಗಬೇಕು. ಅದರ ಮೇಲೆ, ಕೌದಿಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಅಂಚೇ. ಎಳೆಯುವುದು ಅಲ್ಲಿಂದ, ಮಡಚುವುದು ಅಲ್ಲಿ, ನೆಲಕ್ಕೆ ತಾಗುವುದು ಅದು. ಉಳಿದ ಕೌದಿ ಗಟ್ಟಿಯಾಗಿರುವಾಗಲೇ ಅಂಚು ಬದಲಿಸಬೇಕಾಗಿ ಬರುತ್ತದೆ. ಜೋಪಾನ ಮಾಡಬೇಕೆನ್ನಿಸುವ ಬಟ್ಟೆಯನ್ನು ಅಲ್ಲಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬೇರೆ ಯಾವುದಾದರೂ ಒತ್ತಾಗಿ ನೇಯ್ದ, ಗಟ್ಟಿಯಾದ ಹತ್ತಿಬಟ್ಟೆ ನೋಡಿ. ಆ ಅಂಗಿ ಮುಂದೆ ಗುಂಡಿಯಿರುವಂಥದ್ದಾದರೆ ಒಗೆದು ಅವರಿಗೇ ತೊಡಿಸಿ. ತಲೆಯ ಮೇಲಿಂದ ಹಾಕುವ ಬಟ್ಟೆಗಿಂತ, ಕೈಗೆ ಸೂಜಿ ಹಾಕಿಸಿಕೊಳ್ಳಬೇಕಾದ ದಿನಗಳಲ್ಲಿ, ಸಡಿಲವಾದ ಹಳೆ ಅಂಗಿಯೇ ಅವರಿಗೂ ನಿಮಗೂ ಸುಲಭ.